ಅಪ್‌ಡೇಟ್: ಇಳಿಜಾರು ಅಂಗಳದ ಕಲ್ಲು ಕೊನೆಗೂ ನಿಂತಿದೆ

ಚಿಕ್ಕಬಳ್ಳಾಪುರದ ನಮ್ಮ ಮನೆ ಮುಂದಿನ ಇಳಿಜಾರಿಗೆ ಅಲಂಕಾರಕ್ಕೆ ಹಾಸಿದ ಬಿಳಿ ಗುಂಡುಕಲ್ಲೆಲ್ಲ ಒಂದೇ ಮಳೆಗೆ ಗೇಟಿನ ಹತ್ತಿರ ಬಂದು ಬೀಳ್ತಿದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ.

ಸಿಮೆಂಟ್ ಹಾಕಿ ಅಂಟಿಸಿಬಿಡಿ ಅಂದವರಿದ್ದರು. ಅದು ಬೇಡ ಅನ್ನಿಸ್ತು. ನಮ್ಮ ಕಡೆ ಬೋರ್‌ವೆಲ್ ಗತಿ ಗೊತ್ತಲ್ಲ, ಬಿದ್ದ ನಾಲ್ಕು ಹನಿಯಾದರೂ ಇಂಗಲಿ. ಕಲ್ಲು ಕೆಲಸದವರೊಬ್ಬರನ್ನು ಕರೆಸಿದೆ. ನೋಡಿ ನಕ್ಕರು: "ಗುಂಡುಕಲ್ಲು ಗೋಲಿ ಇದ್ದಂಗೆ ಸಾರ್, ಉರುಳ್ದೆ ಇನ್ನೇನ್ ಮಾಡ್ತದೆ? ಜಲ್ಲಿಗೆ ಮೂಲೆ ಐತೆ, ಒಂದಕ್ಕೊಂದು ಕಚ್ಕಂತದೆ."

ಅಗೆದಾಗ ನನ್ನ ಇನ್ನೊಂದು ತಪ್ಪೂ ಸಿಕ್ತು. ಕಳೆ ಬರಬಾರದು ಅಂತ ಕೆಳಗೆ ಟಾರ್ಪಾಲು ಹಾಸಿದ್ದೆ. ನೀರು ಇಂಗಲು ದಾರಿಯಿಲ್ಲದೆ ಅದರ ಮೇಲೇ ಜಾರಿ, ಕಲ್ಲನ್ನೂ ಎಳೆದುಕೊಂಡು ಹೋಗ್ತಿತ್ತು. ಈಗ ನೀರು ಇಳಿಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಇಳಿಜಾರನ್ನು ಮೂರು ಮೆಟ್ಟಿಲು ಮಾಡಿ, ಒಂದೊಂದರ ಅಂಚಿಗೂ ಕಲ್ಲು ಚಪ್ಪಡಿಯನ್ನು ಅರ್ಧ ಹೂತು ನಿಲ್ಲಿಸಿದೆವು. ಮೇಲೆ 20 ಮಿ.ಮೀ. ಜಲ್ಲಿ, ಮೂರು ಇಂಚು ದಪ್ಪ. ಚಪ್ಪಡಿಯ ತಲೆ ಜಲ್ಲಿಗಿಂತ ಎರಡು ಇಂಚು ಮೇಲಿರಬೇಕು. ಮೊದಲ ಸಾಲನ್ನು ಜಲ್ಲಿಯ ಸಮಕ್ಕೇ ಇಟ್ಟು, ಕಿತ್ತು ಮತ್ತೆ ನೆಟ್ಟಿದ್ದಾಯ್ತು, ಎರಡು ದಿನದ ಕೂಲಿ ದಂಡ.

ಮೊನ್ನೆ ರಾತ್ರಿಯಿಡೀ ಸುರೀತು. ಬೆಳಿಗ್ಗೆ ಹೋಗಿ ನೋಡಿದರೆ ಗೇಟಿನ ಹತ್ತಿರ ಐದಾರು ಕಲ್ಲು, ಅಷ್ಟೇ. ಹೊಂಗೆ ಎಲೆ ಜಲ್ಲಿ ಸಂದಿಯಲ್ಲಿ ಸಿಕ್ಕಿಕೊಳ್ಳೋದು ಮಾತ್ರ ತಪ್ಪಿಲ್ಲ, ಪೊರಕೆಗೆ ಬರಲ್ಲ, ಕೈಯಲ್ಲೇ ಆರಿಸಬೇಕು. ಬಿಳಿ ಗುಂಡುಕಲ್ಲನ್ನು ಅಮ್ಮ ತುಳಸಿಕಟ್ಟೆ ಸುತ್ತ ಸುರಿದುಕೊಂಡಿದ್ದಾರೆ.