ಮೂವತ್ತಾರು ಕವಿಗಳ ಸುರುಳಿ: ಅಡ್ಡಗೆರೆ ಎಲ್ಲಿಂದ ಬಂತು?

ಪ್ರಶ್ನೆ (ರೇಷ್ಮೆಅಂಚು): ಜಪಾನಿನ ಸತಾಕೆ ಪ್ರತಿಯ (ಹಿಂದೆ ಸತಾಕೆ ಮನೆತನದ ಬಳಿಯಿದ್ದ ಸುರುಳಿಯ) ಕವಿಚಿತ್ರಗಳನ್ನು ಒಂದು ಕಡೆ ಕೈಸುರುಳಿ ಅಂತಾರೆ, ಇನ್ನೊಂದು ಕಡೆ ಗೋಡೆಗೆ ತೂಗುಹಾಕೋ ಸುರುಳಿ ಅಂತಾರೆ. ಯಾವುದು ಸರಿ? ಇಂಥ ತೂಗುಸುರುಳಿಗಳಲ್ಲಿ ಕವಿಯ ಮೈಮೇಲೆ ಅಡ್ಡಡ್ಡ ಗೆರೆ ಬೀಳೋದು ಯಾಕೆ?

ಬಿದಿರುಕೋಲು: ಎರಡೂ ಸರಿ. 13ನೇ ಶತಮಾನದಲ್ಲಿ ಬರೆದಾಗ ಅವು ಎರಡು ಕೈಸುರುಳಿ. ಫುಜಿವಾರ ನೊ ಕಿಂತೊ (966–1041) ಆರಿಸಿದ 36 ಕವಿಗಳು, ಎಡಬಲಕ್ಕೆ 18ರಂತೆ. 1919ರಲ್ಲಿ ಇಡಿಯಾಗಿ ಕೊಳ್ಳುವವರು ಸಿಗಲಿಲ್ಲ. ಡಿಸೆಂಬರ್ 20ರಂದು ಉದ್ಯಮಿ ಮಸುದಾ ತಕಾಶಿಯ ಮನೆಯಲ್ಲಿ 37 ತುಂಡು (36 ಕವಿಗಳು, ಜೊತೆಗೆ ಸುಮಿಯೋಶಿ ದೇಗುಲದ ಒಂದು ಚಿತ್ರ) ಮಾಡಿ ಚೀಟಿ ಎತ್ತಿ ಹಂಚಿದರು. ಸೈಗೂ ನೊ ನ್ಯೋಗೊ ಎಂಬ ಕವಯಿತ್ರಿಯ ತುಂಡಿಗೇ ಎಲ್ಲಕ್ಕಿಂತ ಹೆಚ್ಚು ಬೆಲೆ, 40,000 ಯೆನ್. ಹೆಚ್ಚಿನವು ತೂಗುಸುರುಳಿ ಆದದ್ದು ಆಮೇಲೆ. ಹಾಗಾಗಿ ಸುತ್ತಲಿನ ರೇಷ್ಮೆ ನೋಡಿ ಚಿತ್ರದ ಕಾಲ ಹೇಳೋಕೆ ಹೋಗಬೇಡಿ.

ಗೆರೆಗೂ ಇದೇ ಸುಳಿವು. ಕೈಸುರುಳಿ ಬಲದಿಂದ ಎಡಕ್ಕೆ ಬಿಚ್ಚುತ್ತೆ, ಅದರ ಮಡಿಕೆ ನೆಟ್ಟಗೆ, ಮೇಲಿಂದ ಕೆಳಗೆ ಬೀಳುತ್ತೆ. ತೂಗುಸುರುಳಿಯನ್ನು ಕೆಳಗಿಂದ ಮೇಲಕ್ಕೆ ಸುತ್ತೋದು, ಮಡಿಕೆ ಅಡ್ಡ. ಒಂದೇ ಕಾಗದದ ಮೇಲೆ ಎರಡೂ ಇದ್ದರೆ ಅದು ಎರಡು ಬಾಳು ಬಾಳಿದೆ ಅಂತ ಅರ್ಥ.

ಹಳೇಅಂಟು: ಅಡ್ಡಗೆರೆಗೆ ಮುಖ್ಯ ಕಾರಣ ಚಿತ್ರದ ಹಿಂದೆ ಪದರಪದರವಾಗಿ ಅಂಟಿಸೋ ಬೆನ್ನಿನ ಕಾಗದ. ಮೊದಲ ಪದರ ತೆಳು ಮಿನೊ ಕಾಗದ, ಹೊಸದಾಗಿ ಕುದಿಸಿದ ಗೋಧಿ ಪಿಷ್ಟದ ಅಂಟಿನಲ್ಲಿ. ಆಮೇಲೆ ಚಿಪ್ಪಿನ ಬಿಳಿಪುಡಿ ಬೆರೆತ ಮಿಸು ಕಾಗದ, ಕೊನೆಗೆ ಜೇಡಿ ಬೆರೆತ ಉದಾ ಕಾಗದ. ಈ ಎರಡಕ್ಕೆ ಸುಮಾರು 10 ವರ್ಷ ಜಾಡಿಯಲ್ಲಿಟ್ಟು ಹಳಸಿದ ಅಂಟು. ಅದಕ್ಕೆ ಹಿಡಿತ ಕಡಿಮೆ, ಬೇಕಂತಲೇ. ಹಿಡಿತ ಸಾಲದ್ದಕ್ಕೆ ಬಿರುಸಾದ ಬ್ರಷ್‌ನಿಂದ ಬಡಿದು ನಾರುಗಳನ್ನು ಹೊಂದಿಸ್ತಾರೆ. ಎಲ್ಲಾ ಪದರಕ್ಕೂ ಹೊಸ ಅಂಟನ್ನೇ ಬಳಿದರೆ ಬೆನ್ನು ಹಲಗೆಯಂತಾಗಿ, ಸುತ್ತಿದಾಗ ಬಾಗದೆ ಒಂದು ಗೆರೆಯಲ್ಲಿ ಮುರಿಯುತ್ತೆ. ಸುತ್ತೋ ಕೆಳಕೋಲು ತೆಳ್ಳಗಿದ್ದರೆ ಇನ್ನೂ ಬೇಗ.

ರಿಪೇರಿಗೆ ಮಡಿಕೆಯ ಹಿಂದೆ ಕೆಲವೇ ಮಿಲಿಮೀಟರ್ ಅಗಲದ ತೆಳು ಕಾಗದದ ಪಟ್ಟಿ ಅಂಟಿಸ್ತಾರೆ. ಕೋಲಿನ ಮೇಲೆ ದಪ್ಪ ಮರದ ಕವಚ ತೊಡಿಸಿ ಸಡಿಲವಾಗಿ ಸುತ್ತಿ, ಪೌಲೋನಿಯಾ ಮರದ ಪೆಟ್ಟಿಗೆಯಲ್ಲಿ ಇಡ್ತಾರೆ. ಇಸ್ತ್ರಿಪೆಟ್ಟಿಗೆ ನೆನಪೂ ಮಾಡ್ಕೋಬೇಡಿ!

ಬಿದಿರುಕೋಲು: ಒಂದು ಮಾತು ಸೇರಿಸ್ತೀನಿ. ಪಟ್ಟಿ ಅಂಟಿಸೋ ಮೊದಲು ಕವಿಯ ಮುಖದ ಬಿಳಿ ಬಣ್ಣ ನೋಡಬೇಕು. ಅದು ಚಿಪ್ಪಿನ ಸುಣ್ಣ, ಪ್ರಾಣಿಯ ಸರೇಸಿನಲ್ಲಿ ಕಲಸಿದ್ದು. ಸರೇಸು ಸತ್ತರೆ ಬಣ್ಣ ಹುಡಿಯಾಗಿ ಉದುರುತ್ತೆ. ಮೊದಲು ತೆಳು ಸರೇಸು ಉಣಿಸಿ ಗಟ್ಟಿಮಾಡಬೇಕು. ಹಸಿರಿಗೆ ಬೇರೆ ರೋಗ: ತಾಮ್ರದ ಹಸಿರು ಇದ್ದಲ್ಲಿ ಕಾಗದವೇ ಕಂದಾಗಿ ಸುಟ್ಟಂತೆ ಒಡೆಯುತ್ತೆ, ಕಲೆ ಹಿಂಬದಿಗೂ ಇಳಿದಿರುತ್ತೆ.

ರೇಷ್ಮೆಅಂಚು: ಸತಾಕೆ ಪ್ರತಿಯಲ್ಲಿ ಕವಯಿತ್ರಿ ಒನೊ ನೊ ಕೊಮಾಚಿಯ ಮುಖವೇ ಕಾಣಲ್ಲವಲ್ಲ, ಅದೂ ಬಣ್ಣ ಉದುರಿದ್ದಾ?

ಹಳೇಅಂಟು: ಅಲ್ಲ. ಕಲಾವಿದನೇ ಆಕೆಯನ್ನು ಬೆನ್ನು ತಿರುಗಿಸಿ ಕೂರಿಸಿದ್ದಾನೆ. ಕಾಣೋದು ಉದ್ದ ಕೂದಲು, ಪದರಪದರ ಉಡುಪು, ಅಷ್ಟೇ.