ಮಗನ ಸಂದೇಶದ ಮೇಲೆ ಶಾಲೆಯಲ್ಲಿ ‘ಥ್ರೆಟ್ ಅಸೆಸ್‌ಮೆಂಟ್’ ಸಭೆ: ಅನುಭವವಿದ್ದವರು ದಯವಿಟ್ಟು ತಿಳಿಸಿ

ಕೋರಿಕೆ
ನಮಸ್ಕಾರ. ನಾವು ವರ್ಜೀನಿಯಾದಲ್ಲಿದ್ದೇವೆ, ಮಗ ಏಳನೆಯ ತರಗತಿ. ಸಾಕರ್ ಆಟದಲ್ಲಾದ ಜಗಳದ ಸಿಟ್ಟಿಗೆ ಸಹಪಾಠಿಯೊಬ್ಬನಿಗೆ ‘ನಾಳೆ ನಿನ್ನನ್ನು ಮುಗಿಸಿಬಿಡುತ್ತೇನೆ’ ಎಂದು ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಬರೆದಿದ್ದಾನೆ. ಯಾರೋ ಅದರ ಸ್ಕ್ರೀನ್‌ಶಾಟ್ ತೆಗೆದು ಕೌನ್ಸೆಲರ್‌ಗೆ ತೋರಿಸಿದ್ದಾರೆ. ನಾಳೆ ‘ಥ್ರೆಟ್ ಅಸೆಸ್‌ಮೆಂಟ್’ ತಂಡದ, ಅಂದರೆ ಬೆದರಿಕೆ ಎಷ್ಟು ಗಂಭೀರವೆಂದು ಅಳೆಯುವ ಶಾಲಾ ತಂಡದ ಸಭೆಗೆ ಬರಲು ನಮಗೆ ಹೇಳಿದ್ದಾರೆ. ಇದು ಪೊಲೀಸ್ ಕೇಸ್ ಆಗುತ್ತದೆಯೇ? ವಕೀಲರನ್ನು ಕರೆದೊಯ್ಯಬೇಕೇ?

ಉತ್ತರ: ಶಾಲಾ ಕೌನ್ಸೆಲರ್
ಇಂಥ ತಂಡದಲ್ಲಿ ಕೆಲಸ ಮಾಡುವವಳಾದ್ದರಿಂದ ಒಳಗಿನ ಕ್ರಮವನ್ನು ಹೇಳುತ್ತೇನೆ. ಪ್ರತಿ ಸರ್ಕಾರಿ ಶಾಲೆಗೂ ಈ ತಂಡ ಇರಲೇಬೇಕೆಂದು 2013ರಲ್ಲಿ ಕಾನೂನು ಮಾಡಿದ ಮೊದಲ ರಾಜ್ಯ ವರ್ಜೀನಿಯಾ. ಆದ್ದರಿಂದ ನಿಮ್ಮ ಮಗನನ್ನೇ ಗುರಿಯಾಗಿಸಿಕೊಂಡು ಸಭೆ ಕರೆದಿದ್ದಾರೆಂದು ಭಾವಿಸಬೇಡಿ. ಆಡಳಿತ, ಬೋಧನೆ, ಕೌನ್ಸೆಲಿಂಗ್ ಮತ್ತು ಪೊಲೀಸ್ ಕೆಲಸ ಬಲ್ಲವರು ಅದರಲ್ಲಿರುತ್ತಾರೆ. 1999ರ ಕೊಲಂಬೈನ್ ಶಾಲಾ ಹತ್ಯಾಕಾಂಡದ ನಂತರ ಅಮೆರಿಕದ ಸೀಕ್ರೆಟ್ ಸರ್ವಿಸ್ (ಅಧ್ಯಕ್ಷರ ಭದ್ರತೆ ನೋಡಿಕೊಳ್ಳುವ ಸಂಸ್ಥೆ) ಮತ್ತು ಶಿಕ್ಷಣ ಇಲಾಖೆ ಜೊತೆಗೂಡಿ 1974ರಿಂದ 2000ರವರೆಗಿನ 37 ಶಾಲಾ ದಾಳಿಗಳನ್ನು ಅಧ್ಯಯನ ಮಾಡಿದಾಗ, ಹೆಚ್ಚಿನ ದಾಳಿಕೋರರು ಗುರಿಯಾದವರನ್ನು ನೇರವಾಗಿ ಬೆದರಿಸಿರಲಿಲ್ಲ, ಆದರೆ ತಮ್ಮ ಆಲೋಚನೆಯನ್ನು ಬೇರೆ ಯಾರಿಗಾದರೂ ತಿಳಿಸಿದ್ದರು ಎಂಬುದು ಕಂಡುಬಂತು. ಸ್ಕ್ರೀನ್‌ಶಾಟ್ ತಂದ ಮಗುವಿನ ಮಾತಿಗೆ ಶಾಲೆ ಅಷ್ಟು ಬೆಲೆ ಕೊಡುವುದು ಇದೇ ಕಾರಣಕ್ಕೆ.

ಬೆದರಿಸಿದ್ದಾನೆ ಎಂಬುದು ಹೇಗೂ ಕಣ್ಣೆದುರಿಗಿದೆ. ಅದನ್ನು ಮಾಡಿಯೇ ತೀರುವ ಇರಾದೆ ಅವನಿಗಿದೆಯೇ ಎಂಬುದನ್ನು ತಂಡ ತಿಳಿಯಬೇಕು. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಡ್ಯೂಯಿ ಕಾರ್ನೆಲ್ ಮತ್ತು ಸಂಗಡಿಗರು 2001ರಲ್ಲಿ ರೂಪಿಸಿದ ಕ್ರಮದ ಪ್ರಕಾರ, ಸಿಟ್ಟಿನಲ್ಲೋ ತಮಾಷೆಗೋ ಆಡಿದ, ವಿವರಣೆ ಮತ್ತು ಕ್ಷಮೆಯಿಂದ ಬಗೆಹರಿಯುವ ಬೆದರಿಕೆ ‘ಟ್ರಾನ್ಸಿಯೆಂಟ್’ (ತಾತ್ಕಾಲಿಕ). ಸಿಟ್ಟು ಇಳಿದ ಮೇಲೂ ಇರಾದೆ ಉಳಿದಿದ್ದರೆ, ಸಮಯ–ಸ್ಥಳ ಗೊತ್ತುಮಾಡಿದ್ದರೆ, ಅದನ್ನೇ ಹಲವರ ಬಳಿ ಹೇಳಿದ್ದರೆ, ಆಯುಧಕ್ಕಾಗಿ ಹುಡುಕಾಡಿದ್ದರೆ ಅದು ‘ಸಬ್‌ಸ್ಟಾಂಟಿವ್’ (ನಿಜವಾದ, ಗಂಭೀರ ಬೆದರಿಕೆ) ಕಡೆಗೆ ವಾಲುತ್ತದೆ. ಅಲ್ಲಿಯೂ ಕೊಲೆ ಅಥವಾ ಆಯುಧದ ಮಾತಿದ್ದರೆ ಮಾನಸಿಕ ಆರೋಗ್ಯದ ಪರೀಕ್ಷೆ ಮತ್ತು ಪೊಲೀಸ್ ತನಿಖೆ ಎರಡೂ ಸೇರುತ್ತವೆ. ನಿಮ್ಮ ಮಗ ‘ನಾಳೆ’ ಎಂದು ಬರೆದಿರುವುದರಿಂದ ಅದರ ಬಗ್ಗೆ ಖಂಡಿತ ಕೇಳುತ್ತಾರೆ. ಏನು ಬರೆದೆ, ಏನೆಂದುಕೊಂಡು ಬರೆದೆ, ಓದಿದ ಅವನಿಗೆ ಏನನ್ನಿಸಿರಬಹುದು, ಈಗ ಏನು ಮಾಡಬೇಕೆಂದಿದ್ದೀಯ – ಪ್ರಶ್ನೆಗಳು ಸಾಮಾನ್ಯವಾಗಿ ಹೀಗಿರುತ್ತವೆ. ಉತ್ತರವನ್ನು ಬಾಯಿಪಾಠ ಮಾಡಿಸಿ ಕಳುಹಿಸಬೇಡಿ, ಎರಡನೆಯ ಪ್ರಶ್ನೆಗೇ ಅದು ಗೊತ್ತಾಗಿಬಿಡುತ್ತದೆ. ಮನೆಯಲ್ಲಿ ಬಂದೂಕು ಇದೆಯೇ ಎಂದು ನಿಮ್ಮನ್ನೂ ಕೇಳಬಹುದು. ನಮ್ಮ ಅಪ್ಪಂದಿರು ಇದಕ್ಕೆ ಸಿಡುಕುವುದನ್ನು ಕಂಡಿದ್ದೇನೆ, ಸಿಡುಕುವ ಅಗತ್ಯವಿಲ್ಲ.

ಉತ್ತರ: ಇದನ್ನು ಹಾದುಬಂದ ತಾಯಿ
ಫೋನಿನಲ್ಲಿರುವ ಯಾವುದನ್ನೂ ಅಳಿಸಬೇಡಿ. ನಮ್ಮ ಮಗಳ ವಿಷಯದಲ್ಲಿ ಬಂಧುವೊಬ್ಬರು ಎಲ್ಲವನ್ನೂ ಡಿಲೀಟ್ ಮಾಡಿಸಿ ಎಂದಿದ್ದರು. ಆದರೆ ಆ ಒಂದು ಸಾಲಿನ ಹಿಂದೆ ಎರಡೂ ಕಡೆಯಿಂದ ನಡೆದಿದ್ದ ಕೀಟಲೆಯನ್ನು ತಂಡಕ್ಕೆ ತೋರಿಸಿದ್ದು ಉಳಿದ ಸಂದೇಶಗಳೇ. ಕೊಲ್ಲುತ್ತೇನೆಂದು ಬರೆದು ಕಳುಹಿಸುವುದು, ಅದು ಮೊಬೈಲ್ ಸಂದೇಶವಾದರೂ, ಈ ರಾಜ್ಯದಲ್ಲಿ ಅಪರಾಧವಾಗಬಲ್ಲದು. ಹೀಗಾಗಿ ಕೌನ್ಸೆಲರ್ ಕೇಳಿದರೆ ಮಾತನಾಡಲಿ, ಪೊಲೀಸ್ ಅಧಿಕಾರಿಯೇ ವಿಚಾರಣೆಗೆ ಕುಳಿತರೆ ವಕೀಲರು ಬರುವವರೆಗೆ ಕಾಯುತ್ತೇವೆ ಎಂದು ವಿನಯದಿಂದ ಹೇಳಿ. ನಾವು ಹಾಗೆಯೇ ಮಾಡಿದೆವು, ಯಾರೂ ಬೇಸರಪಡಲಿಲ್ಲ. ಬೆದರಿಕೆಯನ್ನು ಯಾವ ವರ್ಗಕ್ಕೆ ಸೇರಿಸಿದರೆಂದು ಬರವಣಿಗೆಯಲ್ಲಿ ಕೇಳಿ. ಮಗುವಿನ ಶಾಲಾ ದಾಖಲೆಗಳನ್ನು ನೋಡುವ ಹಕ್ಕು ಹೆತ್ತವರಿಗಿದೆ. ಶಿಸ್ತುಕ್ರಮವೇ ಬೇರೆ: ‘ಟ್ರಾನ್ಸಿಯೆಂಟ್’ ಎಂದಾದ ಮೇಲೂ ಸಸ್ಪೆನ್ಷನ್ ಬರಬಹುದು.

ಉತ್ತರ: ಬೆದರಿಕೆಗೆ ಒಳಗಾದ ಹುಡುಗನ ತಂದೆ
ನಾವು ಆಚೆ ಬದಿಯಲ್ಲಿದ್ದವರು. ಬರೆದ ಹುಡುಗನ ತಂದೆ ಅದೇ ರಾತ್ರಿ ಫೋನ್ ಮಾಡಿ ‘ಮಕ್ಕಳ ಜಗಳ, ದೊಡ್ಡದು ಮಾಡಬೇಡಿ’ ಎಂದಾಗ ನಮ್ಮ ಭಯ ಕಡಿಮೆಯಾಗಲಿಲ್ಲ, ಸಿಟ್ಟು ಮಾತ್ರ ಹೆಚ್ಚಾಯಿತು. ಬಸ್ಸಿನಲ್ಲಿ ಇಬ್ಬರೂ ಎಲ್ಲಿ ಕೂರಬೇಕು, ಲಾಕರ್ ಬಳಿ ಯಾರು ನಿಂತಿರುತ್ತಾರೆ ಎಂಬುದನ್ನು ಶಾಲೆ ಹೇಳಿದ ಮೇಲೆ, ಆ ಹುಡುಗನೇ ಕೌನ್ಸೆಲರ್ ಎದುರು ನಿಂತು ತಪ್ಪಾಯಿತೆಂದ ಮೇಲೆ, ನಮ್ಮ ಮಗ ಬಸ್ ಹತ್ತಲು ಒಪ್ಪಿದ. ನೀವು ನಾಳೆಯ ಸಭೆಗೆ ಮೊದಲು ಆ ಮನೆಗೆ ಫೋನ್ ಮಾಡಬೇಡಿ. ಕ್ಷಮೆ ಕೇಳುವುದಿದ್ದರೆ ಯಾವಾಗ, ಹೇಗೆ ಎಂಬುದನ್ನು ಕೌನ್ಸೆಲರ್ ಮೂಲಕವೇ ನಿಶ್ಚಯಿಸಿಕೊಳ್ಳಿ.