ಮೂರನೆಯ ಸೆನುಸ್ರೆಟ್‌ನ ಪ್ರತಿಮೆಗಳಲ್ಲಿ ಮುಖಕ್ಕೆ ಮಾತ್ರ ವಯಸ್ಸಾದದ್ದೇಕೆ?

ಪ್ರಶ್ನೆ – ಶಿಲ್ಪಾಸಕ್ತ

ಪ್ರಾಚೀನ ಈಜಿಪ್ಟಿನ ರಾಜಪ್ರತಿಮೆಗಳ ಚಿತ್ರಗಳನ್ನು ಕಾಲಾನುಕ್ರಮದಲ್ಲಿ ನೋಡುತ್ತಿರುವಾಗ ಈ ಸಂದೇಹ ಹುಟ್ಟಿತು. ಗೀಜಾದ ಕಣಿವೆ ದೇಗುಲದಲ್ಲಿ 1860ರಲ್ಲಿ ಫ್ರೆಂಚ್ ಪುರಾತತ್ತ್ವಜ್ಞ ಮಾರಿಯೆಟ್‌ಗೆ ದೊರೆತ, ಪಿರಮಿಡ್ ಕಟ್ಟಿಸಿದ ಅರಸ ಖಫ್ರೆಯ ಪ್ರತಿಮೆಯಲ್ಲಿ ಅರಸನಿಗೆ ವಯಸ್ಸೆಂಬುದೇ ಇಲ್ಲ. ತಲೆಯ ಹಿಂದೆ ರೆಕ್ಕೆ ಹರಡಿದ, ಹೋರಸ್ ದೇವರ ರೂಪವಾದ ಗಿಡುಗನ ರಕ್ಷಣೆಯಲ್ಲಿ ಅವನು ನಿಶ್ಚಿಂತನಾಗಿ ಕುಳಿತಿದ್ದಾನೆ. ಅವನಿಗಿಂತ ಸುಮಾರು ಏಳು ಶತಮಾನ ಈಚಿನವನಾದ, ಹನ್ನೆರಡನೆಯ ರಾಜವಂಶದ ಮೂರನೆಯ ಸೆನುಸ್ರೆಟ್‌ನ ಮುಖದಲ್ಲಾದರೋ ಭಾರವಾದ ರೆಪ್ಪೆಗಳು, ಕಣ್ಣಿನ ಕೆಳಗೆ ಊದಿದ ಚರ್ಮ, ಮೂಗಿನ ಬದಿಯಿಂದ ಇಳಿದ ಗೆರೆಗಳು, ಅಂಚು ಕೆಳಗಿಳಿದ ಬಾಯಿ. ಆದರೆ ಕತ್ತಿನಿಂದ ಕೆಳಗೆ ಮೈಕಟ್ಟು ಯುವಕನದು. ಮುಖ ನೈಜ ಚಹರೆಯಾಗಿದ್ದರೆ ದೇಹ ಹೀಗೇಕೆ? ಅಲ್ಲದೆ, ಅರಸರು ಹಿಂದಿನವರ ಪ್ರತಿಮೆಗಳ ಮೇಲೆ ತಮ್ಮ ಹೆಸರು ಕೊರೆಸುತ್ತಿದ್ದರಂತೆ. ಹಾಗಿರುವಾಗ ಯಾವ ಮುಖ ಯಾರದೆಂದು ವಿದ್ವಾಂಸರು ನಿರ್ಧರಿಸುವುದು ಹೇಗೆ?

ಉತ್ತರ – ನೈಲ್‌ತೀರ

ತಾವು ಗಮನಿಸಿರುವ ಈ ವ್ಯತ್ಯಾಸವೇ ಉತ್ತರದ ಅರ್ಧಭಾಗ. ಲಕ್ಸರ್ ಬಳಿಯ ದೇರ್ ಎಲ್ ಬಹ್ರಿಯಲ್ಲಿ, ಹಿಂದಿನ ಅರಸ ಮೆಂಟುಹೊಟೆಪ್‌ನ ದೇಗುಲದಲ್ಲಿ ದೊರೆತು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಗ್ರಾನೈಟ್ ಪ್ರತಿಮೆಗಳನ್ನು ನೋಡಿ: ಅರಸನು ಎರಡೂ ಅಂಗೈಗಳನ್ನು ನಡುವಸ್ತ್ರದ ಮೇಲೆ ಚಪ್ಪಟೆಯಾಗಿ ಇರಿಸಿ ದೇವರೆದುರು ಪ್ರಾರ್ಥನೆಯ ಭಂಗಿಯಲ್ಲಿ ನಿಂತಿದ್ದಾನೆ, ಎದೆ ಮತ್ತು ತೋಳು ದೃಢವಾಗಿವೆ, ಕಿವಿಗಳು ಮುಖದ ಅಳತೆಗೆ ಮೀರಿ ದೊಡ್ಡವು. ಈ ಮುಖದಲ್ಲಿ ಇಂದಿನ ನೋಡುಗರು ವಿಷಾದವನ್ನೋ ದಣಿವನ್ನೋ ಓದುವುದು ರೂಢಿಯಾಗಿದೆ. ನನಗೆ ಅದು ಒಪ್ಪಿಗೆಯಿಲ್ಲ. ಎಚ್ಚರ, ಕಾಠಿಣ್ಯ, ಎಲ್ಲವನ್ನೂ ಕೇಳಿಸಿಕೊಳ್ಳುವ ಆಳ್ವಿಕೆ ಎಂದು ಓದಿದರೆ ಬಲಿಷ್ಠ ದೇಹದೊಂದಿಗೆ ಅದು ಸರಿಹೊಂದುತ್ತದೆ.

ಇದಕ್ಕೆ ಒಂದು ಆಧಾರವೂ ಇದೆ. ನೂಬಿಯಾದ ಎರಡನೆಯ ಜಲಪಾತದ ಬಳಿ, ಸೆಮ್ನಾದಲ್ಲಿ, ಈ ಅರಸನು ತನ್ನ ಆಳ್ವಿಕೆಯ 16ನೆಯ ವರ್ಷದಲ್ಲಿ ಗಡಿಶಾಸನವೊಂದನ್ನು ನಿಲ್ಲಿಸಿದ್ದಾನೆ. ಗಡಿಯನ್ನು ಕಾಯುವವನೇ ತನ್ನ ಮಗ, ಬಿಟ್ಟುಕೊಡುವವನು ಮಗನಲ್ಲ ಎಂದು ಸಾರುವ ಆ ಶಾಸನ, ಜನರು ಗಡಿಗಾಗಿ ಹೋರಾಡಲೆಂದೇ ಅಲ್ಲಿ ಅರಸನ ಪ್ರತಿಮೆಯನ್ನು ಸ್ಥಾಪಿಸಲಾಗಿದೆ ಎಂದೂ ಹೇಳುತ್ತದೆ. ಕಾವಲುಗಾರರ ಮೇಲೆ ಕಣ್ಣಿಡಬೇಕಾದ ಪ್ರತಿಮೆಗೆ ಖಫ್ರೆಯ ನಿಶ್ಚಿಂತ ಮುಖ ಒಪ್ಪುತ್ತಿತ್ತೇ?

ಪ್ರತಿಕ್ರಿಯೆ – ಶಿಲ್ಪಾಸಕ್ತ

ಶಾಸನದ ವಿಷಯ ತಿಳಿದಿರಲಿಲ್ಲ, ವಂದನೆಗಳು. ಆದರೂ ಅರಸನ ಚಹರೆಯೇ ಹಾಗಿತ್ತು, ಶಿಲ್ಪಿಗಳು ಅದನ್ನು ಉದ್ದೇಶಕ್ಕೆ ಬಳಸಿಕೊಂಡರು ಎನ್ನಬಹುದಲ್ಲವೇ?

ಉತ್ತರ – ಕಲ್ಲುಕುಟಿಗ

ಹಾಗೆನ್ನಲು ಅಡ್ಡಿಯಿಲ್ಲ, ಆದರೆ ಅದೇ ಕಾಲದ ಅಧಿಕಾರಿಗಳ ಪ್ರತಿಮೆಗಳಲ್ಲೂ ಅದೇ ರೆಪ್ಪೆ, ಅದೇ ಗೆರೆ, ಅದೇ ಕಿವಿ ಕಾಣಿಸಿಕೊಳ್ಳುತ್ತವೆ. ಆಸ್ಥಾನದವರೆಲ್ಲರೂ ಅರಸನನ್ನೇ ಹೋಲುತ್ತಿದ್ದಿರಲಾರರು.

ಕೆಲಸದ ರೀತಿಯನ್ನೂ ನೆನಪಿಡಬೇಕು. ಗೀಜಾದಲ್ಲಿ ಅಮೆರಿಕದ ಪುರಾತತ್ತ್ವಜ್ಞ ರೀಸ್ನರ್‌ಗೆ ದೊರೆತ ಅರಸ ಮೆನ್ಕೌರೆಯ ಅಪೂರ್ಣ ಪ್ರತಿಮೆಗಳಲ್ಲಿ ಒರಟು ದಿಮ್ಮಿಯಿಂದ ನಯಗೊಳಿಸಿದ ರೂಪದವರೆಗಿನ ಹಂತಗಳು ಉಳಿದಿವೆ. ಮುಂದೆ ಎಲ್ಲಿ ಕಲ್ಲು ತೆಗೆಯಬೇಕೆಂಬುದನ್ನು ತೋರಿಸುವ ಕೆಂಪು ಬಣ್ಣದ ಗುರುತುಗಳೂ ಇವೆ. ತಾಮ್ರದ ಉಳಿಗೆ ಗ್ರಾನೈಟ್ ಬಗ್ಗುವುದಿಲ್ಲವಾದ್ದರಿಂದ, ಗಟ್ಟಿ ಕಲ್ಲಿನ ಗುಂಡುಗಳಿಂದ ಕುಟ್ಟಿ, ಮರಳಿನಿಂದ ಉಜ್ಜಿ ರೂಪ ತರಬೇಕಾಗಿತ್ತು. ಅಂಥ ಕಲ್ಲಿನಲ್ಲಿ ಕಣ್ಣಿನ ಕೆಳಗಿನ ಒಂದು ಮಡಿಕೆಯೂ ತಾನಾಗಿ ಮೂಡುವುದಿಲ್ಲ. ಬೇಕೆಂದೇ ಶ್ರಮಪಟ್ಟು ಮೂಡಿಸಿದ್ದು.

ಉತ್ತರ – ನೈಲ್‌ತೀರ

ಹೆಸರುಗಳ ಬಗೆಗಿನ ತಮ್ಮ ಎರಡನೆಯ ಪ್ರಶ್ನೆಗೆ ನೈಲ್ ಮುಖಜಭೂಮಿಯ ಟಾನಿಸ್‌ನ ಸ್ಫಿಂಕ್ಸ್‌ಗಳಷ್ಟು (ಸಿಂಹದ ದೇಹ, ಮನುಷ್ಯನ ಮುಖದ ಶಿಲ್ಪಗಳು) ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ಶಿರೋವಸ್ತ್ರದ ಬದಲು ಸಿಂಹದ ಕೇಸರವೇ ಮುಖವನ್ನು ಸುತ್ತುವರಿದಿರುವ ಈ ಶಿಲ್ಪಗಳ ಮೇಲೆ ಪಶ್ಚಿಮ ಏಷ್ಯಾ ಮೂಲದ ಹಿಕ್ಸೋಸ್ ವಂಶದ ಅರಸ ಅಪೆಪಿ, ಎರಡನೆಯ ರಾಮ್ಸೆಸ್, ಮೆರೆನ್‌ಪ್ತಾ, ಒಂದನೆಯ ಸುಸೆನ್ನೆಸ್ ಇವರ ಹೆಸರುಗಳಿವೆ. ಮುಖದ ಅಪರಿಚಿತ ಲಕ್ಷಣ ಕಂಡು ಮಾರಿಯೆಟ್ ಇವನ್ನು ಹಿಕ್ಸೋಸರವೆಂದು ಬಗೆದಿದ್ದನು. 1893ರಲ್ಲಿ ರಷ್ಯಾದ ವಿದ್ವಾಂಸ ಗೊಲೆನಿಷೆಫ್, ಹೆಸರುಗಳನ್ನು ಬದಿಗಿಟ್ಟು ಮುಖಗಳನ್ನೇ ಹೋಲಿಸಿ, ಇವು ಸೆನುಸ್ರೆಟ್‌ನ ಉತ್ತರಾಧಿಕಾರಿ ಮೂರನೆಯ ಅಮೆನೆಮ್‌ಹಾಟ್‌ನವೆಂದು ತೋರಿಸಿದನು. ಅಂದರೆ ವಿದ್ವಾಂಸರ ಪಾಲಿಗೆ ಗುರುತು ಮುಖದಲ್ಲಿದೆ. ಈಜಿಪ್ಟಿನವರ ಪಾಲಿಗೆ ಅದು ಹೆಸರಿನಲ್ಲಿತ್ತು, ಕೊರೆದ ಹೆಸರು ಬದಲಾದರೆ ಪ್ರತಿಮೆಯ ಒಡೆಯನೂ ಬದಲಾದಂತೆ.

ಹೀಗೆ ಹೆಸರು ಬದಲಿಸಿದ್ದನ್ನು ಕಳ್ಳತನವೆನ್ನಲು ನಾನು ಹಿಂಜರಿಯುತ್ತೇನೆ. ಈ ಮಾದರಿಯ ಮೇಲಿನ ಗೌರವ ಬಹುಕಾಲ ಉಳಿಯಿತು. ಇಪ್ಪತ್ತೈದನೆಯ ರಾಜವಂಶದ ಅರಸ ತಹರ್ಕನು, ಅಮೆನೆಮ್‌ಹಾಟ್‌ಗಿಂತ ಸಾವಿರಕ್ಕೂ ಹೆಚ್ಚು ವರ್ಷ ಈಚಿನವನಾಗಿದ್ದರೂ, ಸುಡಾನಿನ ಕಾವಾದಲ್ಲಿ ಕೇಸರವುಳ್ಳ ಇದೇ ಬಗೆಯ ಸ್ಫಿಂಕ್ಸ್ ಮಾಡಿಸಿದನು. ಹಳೆಯದರ ಮೇಲೆ ಹೆಸರು ಕೊರೆಸದೆ ಹೊಸ ಕಲ್ಲಿನಲ್ಲಿ ಮಾಡಿಸಿದ ಅದು ಕೂಡ ಬ್ರಿಟಿಷ್ ಮ್ಯೂಸಿಯಂನಲ್ಲಿದೆ; ಹೋಲಿಕೆಯನ್ನು ತಾವೇ ಪರೀಕ್ಷಿಸಬಹುದು.